ಅರವತ್ತಮೂರು ಲೋಟಗಳ ಯಜಮಾನ

ಪುರಸಭೆಯವರು ಕುಡುಕರಿಗೆ ಮಾತಾಡುವ ಲೋಟ ಹಂಚಿದ ದಿನ ಮೈಕು ಹಿಡಿದಿದ್ದವನು ನಾನೇ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಲ್ಲಿ ಬೇರೆ ಯಾರ ಬಾಯಿಂದ ಕೇಳಿದರೂ ಅದಕ್ಕೆ ಇನ್ನಷ್ಟು ಒಗ್ಗರಣೆ ಬಿದ್ದಿರುತ್ತದೆ. ನನ್ನ ಹೆಸರು ಜವರಪ್ಪ. ಊರವರ ಬಾಯಲ್ಲಿ ಮೈಕ್ ಜವರಣ್ಣ. ಸರ್ಕಸ್ಸು ಬಂದರೆ, ಹೊಸ ಬಟ್ಟೆ ಅಂಗಡಿ ತೆರೆದರೆ, ನಲ್ಲಿಯಲ್ಲಿ ನೀರು ಬರದಿದ್ದರೆ, ಆಟೋದಲ್ಲಿ ಕೂತು ಬೀದಿ ಬೀದಿ ಸಾರುವವನು ನಾನು. ಮೂವತ್ತು ವರ್ಷದಿಂದ ಈ ಊರು ಏನೇನನ್ನು ನಂಬಿದೆಯೋ ಅದರಲ್ಲಿ ಅರ್ಧ ನನ್ನ ಗಂಟಲಿನಿಂದ ಹೊರಟದ್ದು. ಇನ್ನೊಂದು ಮಾತು. ನಾನು ಕುಡಿಯುವವನಲ್ಲ. ಗಂಟಲು ಕೆಡುತ್ತದೆ ಅಂತ ಅಷ್ಟೆ, ದೊಡ್ಡ ನೀತಿಯೇನೂ ಇಲ್ಲ.

ಲೋಟದ ವಿಷಯಕ್ಕೆ ಬರೋಣ. ಸ್ಟೀಲ್ ಲೋಟ, ಮದುವೆಯಲ್ಲಿ ಮುಯ್ಯಿ ಕೊಡುತ್ತಾರಲ್ಲ, ಅದೇ ಅಳತೆ. ಹೊಟ್ಟೆಯ ಮೇಲೆ ಕುಡುಕನ ಹೆಸರು, ಅವನ ಅಪ್ಪನ ಹೆಸರು, ವಾರ್ಡ್ ನಂಬರು. ಬೆಳಗ್ಗೆ ಆರಕ್ಕೆ ಅದು ಬಾಯಿ ತೆರೆಯುತ್ತದೆ. ನಿನ್ನೆ ಎಷ್ಟಾಯಿತು, ಯಾಕಾಯಿತು, ಯಾರ ಜೊತೆ ಆಯಿತು, ಕುಡಿಯುವ ಮುಂಚೆ ಮನಸ್ಸಿನಲ್ಲಿ ಏನಿತ್ತು, ಇವತ್ತು ಒಂದು ಗುಟುಕು ಕಮ್ಮಿ ಮಾಡಲು ಆದೀತೇ ಎಂದು ಒಂದೊಂದಾಗಿ ಕೇಳುತ್ತದೆ. ಉತ್ತರ ಹಿಡಿಸಿದರೆ ತಾನಾಗಿಯೇ ಹೊಳೆಯುತ್ತದೆ, ಹಿಡಿಸದಿದ್ದರೆ ಮಂಕಾಗುತ್ತದೆ. ಯಜಮಾನ 'ನನ್ನ ಕೈಲಿ ಆಗ್ತಿಲ್ಲ, ಉಳಿಸಿ' ಎಂದು ಬಾಯಿಬಿಟ್ಟರೆ ಮಾತ್ರ ಸೀದ ಪಾತ್ರೆಯ ಹಾಗೆ ಕಪ್ಪಗಾಗುತ್ತದೆ. ಕಪ್ಪು ಲೋಟ ತೋರಿಸಿದವನಿಗೆ ಆಸ್ಪತ್ರೆಯ ಹಿಂದೆ ಕಟ್ಟಿದ ಹೊಸ ವಾರ್ಡಿನಲ್ಲಿ ಮಂಚ, ಔಷಧಿ, ಊಟ. ಹೊಳೆಯುವ ಲೋಟ ತೋರಿಸಿದವನಿಗೆ ಬ್ರಾಂದಿ ಅಂಗಡಿಯಲ್ಲಿ ಬ್ರಾಂದಿ. ಮಂಕು ಲೋಟದವನಿಗೆ ಎರಡೂ ಇಲ್ಲ. ಯಾರು ಕುಡಿತ ಬಿಡುತ್ತಿದ್ದಾರೋ ಅವರಿಗೆ ಮಾತ್ರ ಕುಡಿಯಲು ಕೊಡಬೇಕು ಎನ್ನುವ ಈ ನಿಯಮವನ್ನು ಬರೆದ ಪುಣ್ಯಾತ್ಮನಿಗೆ ಇವತ್ತಿಗೂ ನಾನು ಕೂತಲ್ಲಿಂದಲೇ ಕೈಮುಗಿಯುತ್ತೇನೆ.

ಲೋಟಗಳ ಮೇಲೆ ಹೆಸರು ಕೊರೆದವನು ಗವಿರಂಗ, ನನ್ನ ತಂಗಿ ಹೊನ್ನಮ್ಮನ ಗಂಡ. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮನೆಯವರು ಬೇಡವೆಂದರೂ ನಾನೇ ಮುಂದೆ ನಿಂತು ತಂಗಿಯನ್ನು ಅವನಿಗೆ ಕೊಡಿಸಿದೆ. ಪೇಟೆಬೀದಿಯ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಅವನ ಜಾಗ. ಕೈಯಲ್ಲಿ ಗುಯ್‌ಗುಟ್ಟುವ ಸಣ್ಣ ಮಿಷನ್ನು, ತೊಡೆಯ ಮೇಲೆ ಜನರ ತಟ್ಟೆ, ಚೊಂಬು, ತಂಬಿಗೆ. ಈ ಊರಿನ ಯಾವ ಮನೆಯ ಅಡುಗೆಮನೆಗೆ ಹೋದರೂ ಅವನ ಅಕ್ಷರವಿದೆ. ಆದರೆ ಬೆಳಗ್ಗೆ ಒಂದು ಸುತ್ತು ಹಾಕಿಕೊಳ್ಳದಿದ್ದರೆ ಅವನ ಕೈ ನಿಲ್ಲುತ್ತಿರಲಿಲ್ಲ. ಅರವತ್ತೆರಡು ಲೋಟಗಳಿಗೆ ಮುತ್ತಿನಂಥ ಅಕ್ಷರ ಹಾಕಿದವನು ಕೊನೆಗೆ ತನ್ನ ಲೋಟ ಕೈಗೆತ್ತಿಕೊಂಡಾಗ ನಡುಗಿ, 'ಗವಿರಂಗಯ್ಯ'ನ ಕೊನೆಯ ಅಕ್ಷರವನ್ನು ಅಂಚಿನವರೆಗೂ ಗೀಚಿಬಿಟ್ಟಿದ್ದ.

ಹಂಚುವ ದಿನ ಪುರಸಭೆಯ ಮೈದಾನದಲ್ಲಿ ಶಾಮಿಯಾನ. ಅರವತ್ತಮೂರು ಮಂದಿ ಫಲಾನುಭವಿಗಳು, ಅರವತ್ತಮೂರು ಪುರಾತನರ ಹಾಗೆ ಸಾಲಾಗಿ ಕೂತಿದ್ದರು. ಎಲ್ಲರೂ ನಾಳೆಯಿಂದ ಕಷ್ಟ ಎಂದುಕೊಂಡು ಬೆಳಗ್ಗೆಯೇ ಗಂಟಲಿನವರೆಗೆ ತುಂಬಿಸಿಕೊಂಡು ಬಂದಿದ್ದರು. ಲೋಟದ ಜೊತೆ ಒಂದು ಸೂಚನಾ ಪತ್ರ ಬಂದಿತ್ತು. ಲೋಟಕ್ಕೆ ಮೊದಲ ನೀರು ಬಿದ್ದೊಡನೆ ಕಿವಿ ತೆರೆಯುತ್ತದೆ, ಆಗ ಅದರ ಮೇಲಿನ ಹೆಸರನ್ನು ಯಾರು ಹೇಳುತ್ತಾರೋ ಅವರೇ ಅದರ ಯಜಮಾನ, ಆದ್ದರಿಂದ ಫಲಾನುಭವಿಯೇ ಸ್ವತಃ ತನ್ನ ಹೆಸರು ಹೇಳತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತಂತೆ. ಆ ಪತ್ರಗಳನ್ನು ಹಾರದ ಬುಟ್ಟಿಯ ತಳಕ್ಕೆ ಹಾಸಿದ್ದರು. ಸಮಾರಂಭ ಅಂದಮೇಲೆ ಹೆಸರು ಕೂಗುವವನು ಮೈಕಿನವನು ತಾನೆ? ಮುಖ್ಯಾಧಿಕಾರಿ ರುಕ್ಮಾಂಗದರು ಒಂದೊಂದು ಲೋಟಕ್ಕೂ ಚೊಂಬಿನಿಂದ ನೀರು ಹಾಕುವುದು, ನಾನು ಮೈದಾನ ನಡುಗುವ ಹಾಗೆ ಕೂಗುವುದು. "ಈಗ ವೇದಿಕೆಗೆ ಬರುತ್ತಿದ್ದಾರೆ ಮೂರನೇ ವಾರ್ಡಿನ ಹೆಮ್ಮೆಯ ಫಲಾನುಭವಿ, ಶ್ರೀ ಸಿದ್ದಲಿಂಗು ಬಿನ್ ಕರಿಯಪ್ಪ! ಜೋರಾದ ಚಪ್ಪಾಳೆ!" ಸಿದ್ದಲಿಂಗು ಬರುವುದು, ವಾಲುವುದು, ಫೋಟೋಕ್ಕೆ ಹಲ್ಲುಬಿಡುವುದು. ಹೀಗೆ ಅರವತ್ತಮೂರು ಸಲ. ಗಂಟಲಿಗೆ ಅವತ್ತಿನಷ್ಟು ಕೆಲಸ ನಾನು ಯಾವತ್ತೂ ಕೊಟ್ಟಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದೆ, ಟೈಲರ್ ಸಿದ್ದಲಿಂಗು ಲೋಟ ಹಿಡಿದು ಓಡಿಬಂದ. "ಅಣ್ಣೋ, ಇದು ನನ್ನನ್ನೇ ಯಾರು ನೀನು ಅಂತೈತೆ! ಯಜಮಾನರನ್ನ ಕರೀರಿ ಅಂತೈತೆ!" ಎಂದ. ಬೆಳಗ್ಗೆ ಬೆಳಗ್ಗೆ ಇವನ ಗೋಳೇನಪ್ಪ ಎಂದು ರೇಗಿ, "ಲೋ ಸಿದ್ದಲಿಂಗು, ತಲೆ ನೆಟ್ಟಗೈತೇನೋ ನಿಂಗೆ?" ಎಂದೆ. ಲೋಟ ಕೂಡಲೇ ನನ್ನ ಕಡೆ ತಿರುಗಿದಂತೆ ಮಿನುಗಿ, "ಸಿದ್ದಲಿಂಗುರವರೇ, ಶುಭೋದಯ. ನಿನ್ನೆ ಎಷ್ಟಾಯಿತು? ಸಂಕೋಚ ಬೇಡ. ನಾನು ಯಾರನ್ನೂ ಹೀಗಳೆಯುವುದಿಲ್ಲ" ಎಂದಿತು. ಬಾಯಲ್ಲಿದ್ದ ಪೇಸ್ಟು ನುಂಗಿಬಿಟ್ಟೆ. ಏಳು ಗಂಟೆಯ ಹೊತ್ತಿಗೆ ನಮ್ಮ ಮನೆ ಮುಂದೆ ಅರವತ್ತಮೂರು ಮಂದಿ, ಅರವತ್ತಮೂರು ಲೋಟ. ಎಲ್ಲದಕ್ಕೂ ನಾನೇ ಯಜಮಾನ.

ರುಕ್ಮಾಂಗದರಿಗೆ ಸುದ್ದಿ ಹೋಯಿತು, ಸ್ಕೂಟರಿನಲ್ಲಿ ಬಂದರು. ಮನುಷ್ಯ ಬೆವರುತ್ತಿದ್ದರು. "ಜವರಪ್ಪ, ಫೋಟೋ ಪೇಪರಲ್ಲಿ ಬಂದಾಗಿದೆ ಕಣ್ರೀ. ಮೇಲಿನವರಿಗೆ ವರದಿನೂ ಹೋಗಿದೆ. ಇನ್ನು ತಪ್ಪಾಯ್ತು ಅಂತ ಬರೆದ್ರೆ ನಾನು ಮುಖ ಎಲ್ಲಿಡ್ಲಿ? ಒಂದೊಂದಕ್ಕೂ ಎರಡೆರಡು ಮಾತಾಡಿಬಿಡಿ. ನಿಮಗೇನ್ರೀ, ಮಾತಾಡೋದೇ ನಿಮ್ಮ ಕೆಲಸ" ಎಂದರು. ಹೆಂಗಸರ ಕಿವಿಗೆ ಮಾತ್ರ ಬೀಳಬಾರದು, ಜವರಪ್ಪನ ಮನೆಯಲ್ಲಿ ದಿನಾ ಬೆಳಗ್ಗೆ ಸತ್ಸಂಗ ಅಂತ ಹೇಳಿ ಎಂದೂ ಸೂಚನೆ ಕೊಟ್ಟು ಹೋದರು. ಕುಡುಕರ ಸತ್ಸಂಗಕ್ಕೆ ಕುಡಿಯದ ನಾನೊಬ್ಬ ಗುರು.

ಮೊದಲ ವಾರ ನಾನು ಪ್ರಾಮಾಣಿಕನಾಗಿಯೇ ಇದ್ದೆ ಎಂದರೆ ನಂಬಿ. ಒಬ್ಬೊಬ್ಬನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವನು ಹೇಳಿದ್ದನ್ನು ಹಾಗೆಯೇ ಲೋಟಕ್ಕೆ ಒಪ್ಪಿಸಿದೆ. ಬಚ್ಚಿಟ್ಟಿದ್ದ ಬಾಟಲಿಯಿಂದ ನಿನ್ನೆ ಆರು, ಮೊನ್ನೆ ಎಂಟು, ಯಾಕೆ ಅಂದರೆ ಗೊತ್ತಿಲ್ಲ. ಲೋಟಗಳೆಲ್ಲ ಮಂಕು. ಹೆಂಡಂದಿರು ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರೂ ಹೊಳಪು ಬರಲಿಲ್ಲ. ಬ್ರಾಂದಿ ಅಂಗಡಿಯವನು ಯಾರಿಗೂ ಒಂದು ತೊಟ್ಟು ಕೊಡಲಿಲ್ಲ. ಆ ವಾರ ಊರು ಬಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಎಂಟನೆಯ ದಿನ, ಬಚ್ಚಿಟ್ಟದ್ದೆಲ್ಲ ಮುಗಿದು, ಅರವತ್ತಮೂರು ಮಂದಿ ನಡುಗುವ ಕೈಗಳನ್ನು ಹೊತ್ತು ನನ್ನ ಮನೆಗೆ ನುಗ್ಗಿ, ಸರಿಯಾಗಿ ಮಾತಾಡ್ತೀಯೋ ಇಲ್ಲ ಗಂಟಲು ಹಿಸುಕಬೇಕೋ ಎಂದು ಕೇಳಿದರು. ಗಂಟಲು ಅಂದರೆ ನನಗೆ ಜೀವ. ಸರಿಯಾಗಿ ಮಾತಾಡಿದೆ.

ಆಮೇಲೆ ನೋಡಿ ನನ್ನ ಪ್ರತಿಭೆ. ಸಿದ್ದಲಿಂಗುವಿನ ಲೋಟ, ಕುಡಿಯುವ ಮುಂಚೆ ಮನಸ್ಸಿನಲ್ಲಿ ಏನಿರುತ್ತದೆ ಎಂದು ಕೇಳಿತು. ನಾನು ದನಿ ತಗ್ಗಿಸಿ, "ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನನ್ನ ಒಂದು ದಿನವೂ ಎತ್ತಿಕೊಳ್ಳಲಿಲ್ಲ" ಎಂದೆ. ಲೋಟ ಫಳ್ಳೆಂದು ಹೊಳೆಯಿತು. ಪಕ್ಕದಲ್ಲಿ ಸಿದ್ದಲಿಂಗು ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ಹೌದು ಕಣಣ್ಣ, ಎತ್ಕೊಂಡೇ ಇರ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ ನೋಡು!" ಆ ದುಃಖಕ್ಕೆ ಅವತ್ತು ಅವನು ಎರಡರಷ್ಟು ಕುಡಿದ. ಹಾಲಿನವನೊಬ್ಬನಿಗೆ ನಾನು ಕೈತಪ್ಪಿದ ಪ್ರೇಯಸಿಯೊಬ್ಬಳನ್ನು ಕಲ್ಪಿಸಿಕೊಟ್ಟೆ. ಅವನ ಹೆಂಡತಿಗೆ ಅದು ಹೇಗೋ ಗೊತ್ತಾಗಿ, ಯಾರವಳು ಎಂದು ಎರಡು ದಿನ ಊಟ ಹಾಕಲಿಲ್ಲ. ಅವನು ನನ್ನ ಹತ್ತಿರ ಬಂದು, "ಅವಳ ಹೆಸರೇನು ಅಂತಾದ್ರೂ ಹೇಳಣ್ಣ, ಹೊಡೆತ ತಿನ್ನೋನು ನಾನು" ಎಂದು ಬೇಡಿಕೊಂಡ. ನಿನ್ನೆ ಆರು ಇದ್ದದ್ದು ಇವತ್ತು ಐದು, ನಾಳೆ ನಾಲ್ಕು ಎಂದು ಹದವಾಗಿ ಇಳಿಸಿಕೊಂಡು ಬಂದೆ. ಒಮ್ಮೆಲೇ ಸೊನ್ನೆ ಎಂದರೆ ಲೋಟವೂ ನಂಬುವುದಿಲ್ಲ, ನಂಬಿಸುವುದಕ್ಕೂ ಒಂದು ಹದವಿದೆ.

ಇದರ ನಡುವೆ ಇನ್ನೊಂದು ತಮಾಷೆ ನಡೆಯಿತು. ಅರವತ್ತಮೂರು ಲೋಟಗಳೂ ದಿನಾ ನನಗೆ ಬುದ್ಧಿ ಹೇಳುತ್ತಿದ್ದವಲ್ಲ. ಸಂಜೆ ನಡೆಯಿರಿ, ಎದ್ದ ಕೂಡಲೇ ನೀರು ಕುಡಿಯಿರಿ, ಸಿಟ್ಟು ಬಂದಾಗ ಹತ್ತು ಉಸಿರು ಎಣಿಸಿ, ಮನಸ್ಸಿಗೆ ಹಿತವಾದ ಮೂರು ಸಂಗತಿ ನೆನೆಸಿಕೊಳ್ಳಿ. ಕೇಳಿ ಕೇಳಿ ನಾನೇ ಮಾಡತೊಡಗಿದೆ. ಬಿ.ಪಿ. ಇಳಿಯಿತು, ಹೊಟ್ಟೆ ಕರಗಿತು, ಹೆಂಡತಿಯ ಮೇಲೆ ಕೂಗಾಡುವುದು ನಿಂತಿತು. ಅರವತ್ತಮೂರು ಕುಡುಕರಿಗೆ ಬರಬೇಕಾಗಿದ್ದ ಆರೋಗ್ಯವೆಲ್ಲ ನನ್ನೊಬ್ಬನಿಗೇ ಬಂತು. ಸಿದ್ದಲಿಂಗು ಖುಷಿಯಿಂದ ಎರಡು ಜುಬ್ಬಾ ಹೊಲಿದುಕೊಟ್ಟ, ಹೋಟೆಲಿನವನು ಬಿಸಿ ಇಡ್ಲಿ ಕಳಿಸಿದ. ಅತ್ತ ಬ್ರಾಂದಿ ಅಂಗಡಿಯ ಮುಂದೆ ಹೊಳೆಯುವ ಲೋಟಗಳ ಸಾಲು. ಅಂಗಡಿಯವನು ಪಕ್ಕದ ಮಳಿಗೆಯ ಗೋಡೆ ಒಡೆದು ವಿಸ್ತಾರ ಮಾಡಿದ. ಇತ್ತ ಕಪ್ಪು ಲೋಟ ಒಂದೂ ಬರಲಿಲ್ಲವಾಗಿ ಹೊಸ ವಾರ್ಡು ಖಾಲಿ, ಅದರ ಮಂಚಗಳ ಮೇಲೆ ಆಯಾಗಳು ಹಪ್ಪಳ ಒಣಗಿಸುತ್ತಿದ್ದರು. ರೋಗಿಯೇ ಇಲ್ಲದ ವಾರ್ಡು ಎಂದು ರುಕ್ಮಾಂಗದರಿಗೆ ಮೇಲಿನಿಂದ ಪ್ರಶಂಸಾ ಪತ್ರ ಬಂತು.

ದಿನ ತಪ್ಪದೆ ಬರುತ್ತಿದ್ದವನು ಗವಿರಂಗ ಒಬ್ಬನೇ. ಉಳಿದವರು ಒಂದು ದಿನ ಬಿದ್ದಲ್ಲೇ ಮಲಗಿ, ಒಂದು ದಿನ ಮರೆತು, ಲೋಟ ಎಡೆಬಿಡದೆ ಹೊಳೆದ ದಿನಗಳ ಲೆಕ್ಕ ತಪ್ಪಿಸಿಕೊಂಡು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಗವಿರಂಗ ಆರಕ್ಕೆ ಐದು ನಿಮಿಷ ಇರುವಾಗಲೇ ನಮ್ಮ ಜಗಲಿಯಲ್ಲಿ ಕೂತಿರುತ್ತಿದ್ದ. ತಂಗಿಯ ಗಂಡ ಅಂತ ನಾನೂ ಗಂಟಲು ತಾಜಾ ಇರುವಾಗಲೇ ಅವನ ಲೋಟದಿಂದ ಶುರು ಮಾಡುತ್ತಿದ್ದೆ. ನಾನು ಅವನ ಹೆಸರಿನಲ್ಲಿ ಏನೇನು ಹೇಳುತ್ತಿದ್ದೆನೋ ಅದನ್ನೆಲ್ಲ ಅವನು ತಲೆಬಗ್ಗಿಸಿ ಕೇಳುತ್ತಿದ್ದ. ಲೋಟ ಕೊಡುವ ಸಲಹೆಗೆ ಹೂಂಗುಟ್ಟುತ್ತಿದ್ದ. ಒಮ್ಮೆ ಅದು, "ಕುಡಿಯಬೇಕು ಅನ್ನಿಸುವ ಆ ಹತ್ತು ನಿಮಿಷ ಯಾರಾದರೂ ಜೊತೆಗಿದ್ದರೆ ದಾಟಿಬಿಡಬಹುದು. ನಿಮಗೆ ಅಂಥವರು ಯಾರಿದ್ದಾರೆ?" ಎಂದು ಕೇಳಿತು. "ನಮ್ಮ ಭಾವ ಇದ್ದಾರೆ, ಜವರಪ್ಪ" ಎಂದು ನಾನೇ ನನ್ನ ಹೆಸರು ಹೇಳಿದೆ. ಗವಿರಂಗ ತಲೆಯೆತ್ತಿ ನನ್ನ ಮುಖ ನೋಡಿದ. ಮುಂದಿನ ಲೋಟ ತಗೊಳ್ಳಪ್ಪ ಎಂದು ನಾನು ಸಾಲಿನ ಕಡೆ ತಿರುಗಿದೆ.

ತೊಂಬತ್ತನೆಯ ದಿನ ಲೋಟ ಹೊಳೆದ ಮೇಲೂ ಅವನು ಏಳಲಿಲ್ಲ. ಎಲ್ಲರೂ ಹೋಗುವವರೆಗೂ ಕಾದು, ಕಣ್ಣಿನ ಕೆಳಗಿನ ಚರ್ಮ ಎಳೆದು ತೋರಿಸಿದ. ಅರಿಶಿನ. "ಭಾವ, ಡಾಕ್ಟ್ರು ಲಿವರ್ರು ಊದೈತೆ ಅಂದ್ರು. ಹಿಂಗೇ ಕುಡುದ್ರೆ ಉಳಿಯಲ್ವಂತೆ. ತಟಕ್ ಅಂತ ಬುಟ್ರೂ ಫಿಟ್ಸ್ ಬತ್ತದಂತೆ, ವಾರ್ಡಲ್ಲಿ ಇಟ್ಕೊಂಡೇ ಬುಡಿಸ್ಬೇಕಂತೆ. ವಾರ್ಡಿಗೆ ಹೋದೆ. ಲೋಟ ತೋರ್ಸು ಅಂದ್ರು. ತೋರ್ಸುದ್ರೆ, ಇಷ್ಟು ಹೊಳೀತಾ ಐತೆ, ನಿಂಗೇನ್ ಬಂದೈತೆ, ನೀನೇ ಬಂದು ನಾಕು ಜನಕ್ಕೆ ಬುದ್ಧಿ ಹೇಳು ಅಂತ ಕಳ್ಸುದ್ರು. ಒಲೆ ಮಸಿ ಬಳ್ದೂ ನೋಡ್ದೆ. ಮಸಿ ಒಳಗಿಂದಾನೂ ಹೊಳೀತೈತೆ ಮುಂಡೇದು." ಆಮೇಲೆ ಅವನು ಹೇಳಿದ್ದು ಇಷ್ಟು: "ಒಂದು ಮಾತು ನಿಜ ಹೇಳ್ಬುಡು ಭಾವ. ನನ್ನ ಕೈಲಿ ಆಗ್ತಿಲ್ಲ, ಉಳಿಸಿ ಅಂತ. ನಂಗೆ ಬೇರೇನೂ ಬ್ಯಾಡ, ಒಂದು ಮಂಚ ಸಾಕು."

ನಾನು ಹೇಳಬಹುದಿತ್ತು. ಅರ್ಧ ನಿಮಿಷದ ಕೆಲಸ. ಆದರೆ ಹಿಂದಿನ ದಿನವೇ ರುಕ್ಮಾಂಗದರು ಬಂದು ಹೇಳಿಹೋಗಿದ್ದರು, ನೂರು ದಿನ ಮುಟ್ಟುತ್ತಿರುವ ಮೊದಲ ಮನುಷ್ಯ ಗವಿರಂಗಯ್ಯ, ಸನ್ಮಾನಕ್ಕೆ ಮಂತ್ರಿಗಳು ಬರುತ್ತಾರೆ, ಮೈಕು ನಿಮ್ಮದೇ ಎಂದು. ಮೂವತ್ತು ವರ್ಷದಲ್ಲಿ ನನಗೆ ಮಂತ್ರಿಯ ಕಾರ್ಯಕ್ರಮ ಒಂದೂ ಸಿಕ್ಕಿರಲಿಲ್ಲ, ಅಂಥದ್ದಕ್ಕೆಲ್ಲ ಜಿಲ್ಲೆಯಿಂದ ಯಾವನೋ ತೆಳ್ಳನೆ ದನಿಯವನು ಬರುತ್ತಿದ್ದ. ಸ್ವಾಗತದ ಮಾತು ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. "ಇನ್ನು ಹತ್ತೇ ದಿನ ಕಣೋ ಗವಿ. ಸನ್ಮಾನ ಮುಗೀಲಿ, ಮಾರನೇ ದಿನಾನೇ ಹೇಳ್ತೀನಿ. ಹೊನ್ನಮ್ಮನ ಮುಖ ನೋಡೋ, ಎಷ್ಟು ಖುಷಿಯಾಗವ್ಳೆ" ಎಂದೆ. ತಂಗಿಯ ಹೆಸರನ್ನು ಅಡ್ಡ ಹಿಡಿದೆ, ನಾಚಿಕೆಗೆಟ್ಟವನು. ಅವನು, "ಹತ್ತೇ ದಿನ ತಾನೆ" ಎಂದು ಎದ್ದುಹೋದ.

ಹೊನ್ನಮ್ಮ ಖುಷಿಯಾಗಿದ್ದದ್ದು ಮಾತ್ರ ನಿಜ. ಆ ಲೋಟವನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ಅವನು ಬೆಳಗ್ಗೆ ಮನೆ ಬಿಡುವಾಗ ಅಲ್ಲಿಂದಲೇ ಕೈಮುಗಿದು ತೆಗೆದುಕೊಳ್ಳಬೇಕು. ಒಂದು ಮಧ್ಯಾಹ್ನ ಶ್ಯಾವಿಗೆ ಪಾಯಸ ಮಾಡಿಕೊಂಡು ನಮ್ಮ ಮನೆಗೆ ಬಂದಳು. "ಅಣ್ಣಾ, ನೀನು ಆ ಸತ್ಸಂಗ ಮಾಡ್ದೇ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ. ಒಂದೊಂದ್ಸಲ ವಾಸನೆ ಬತ್ತದೆ. ಕೈಯೂ ನಡುಗ್ತದೆ. ಆದ್ರೆ ಲೋಟ ಹಂಗೆ ಬೆಳಗ್ತಾ ಇರ್ಬೇಕಾದ್ರೆ ನಾನು ಅನುಮಾನ ಪಟ್ರೆ ಪಾಪ ಬರಲ್ವಾ? ನನ್ನ ಮೂಗೇ ಕೆಟ್ಟೈತೆ ಅಂತ ಕಾಣ್ತದೆ" ಎಂದಳು. ಪಾಯಸ ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಂಡೆ.

ನೂರನೆಯ ದಿನ ಅದೇ ಮೈದಾನ, ಅದೇ ಶಾಮಿಯಾನ. ಮಂತ್ರಿಗಳು ಬಂದರು. ಗವಿರಂಗನಿಗೆ ಸಿದ್ದಲಿಂಗು ಹೊಲಿದ ಬಿಳಿ ಅಂಗಿ, ಮೈಸೂರು ಪೇಟ, ಜರಿ ಶಾಲು, ಹಣ್ಣಿನ ಬುಟ್ಟಿ. ಅವನ ಹೊಟ್ಟೆ ಉಬ್ಬಿ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಕುಡಿತ ಬಿಟ್ಟಮೇಲೆ ಮೈ ಬಂದಿದೆ ಎಂದು ಜನ ಮಾತಾಡಿಕೊಂಡರು. ನನ್ನ ದನಿ ಅವತ್ತು ಎಷ್ಟು ಸೊಗಸಾಗಿತ್ತೆಂದರೆ ಮಂತ್ರಿಗಳೇ ತಿರುಗಿ ನೋಡಿದರು. ಕೊನೆಗೆ, ಎರಡು ಮಾತಾಡಲಿ ನಮ್ಮ ಸಾಧಕರು ಎಂದು ರುಕ್ಮಾಂಗದರು ಗವಿರಂಗನನ್ನು ಮೈಕಿನ ಮುಂದೆ ತಂದು ನಿಲ್ಲಿಸಿದರು. ಅವನು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಹೊನ್ನಮ್ಮನನ್ನು ನೋಡಿದ. "ನಾನು ಬುಟ್ಟಿಲ್ಲ" ಎಂದ.

ಬಾಯಲ್ಲಿ ಅಂದ, ಆದರೆ ಮೈಕಿನಲ್ಲಿ ಬರಲಿಲ್ಲ. ಅವನ ತುಟಿ ಅಲುಗುವ ಮುಂಚೆಯೇ, ಅವನ ಮುಖ ನೋಡಿಯೇ ನನಗೆ ಗೊತ್ತಾಗಿತ್ತು. ಇಷ್ಟು ವರ್ಷ ಪಳಗಿದ ಕೈ, ತಾನಾಗಿ ಹೋಗಿ ಅವನ ಮೈಕಿನ ಗುಂಡಿ ಆರಿಸಿತು. ಪಕ್ಕದಲ್ಲಿದ್ದ ನನಗೆ ಮಾತ್ರ ಆ ಮಾತು ಕೇಳಿಸಿತು ಎಂದುಕೊಂಡೆ. ನನ್ನ ಮೈಕಿನಲ್ಲಿ ನಾನು, "ಭಾವುಕರಾಗಿದ್ದಾರೆ ನಮ್ಮ ಗವಿರಂಗಯ್ಯನವರು! ಮಾತೇ ಹೊರಡುತ್ತಿಲ್ಲ! ಇಂಥ ಸಾಧಕರಿಗೆ ಇನ್ನೊಮ್ಮೆ ಜೋರಾದ ಚಪ್ಪಾಳೆ!" ಎಂದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಗವಿರಂಗ ಇನ್ನೂ ಏನೋ ಹೇಳುತ್ತಲೇ ಇದ್ದ. ಹೊನ್ನಮ್ಮ ಚಪ್ಪಾಳೆ ಹೊಡೆಯಲಿಲ್ಲ. ಅವನ ತುಟಿಯನ್ನೇ ನೋಡುತ್ತಿದ್ದಳು. ಸಮಾರಂಭ ಮುಗಿದ ಮೇಲೆ ಅವನು ಶಾಲು ಹೊದ್ದುಕೊಂಡೇ ಬ್ರಾಂದಿ ಅಂಗಡಿಗೆ ಹೋದ. ನೂರು ದಿನದ ಲೋಟಕ್ಕೆ ಅಂಗಡಿಯವನು ಎದ್ದು ನಿಂತು ಮರ್ಯಾದೆ ಮಾಡಿ ಕೊಟ್ಟನಂತೆ.

ಮಾತು ಕೊಟ್ಟಿದ್ದೆನಲ್ಲ, ಮಾರನೆಯ ಬೆಳಗ್ಗೆ ಉಳಿಸಿಕೊಳ್ಳಲು ಕೂತೆ. ಗವಿರಂಗ ಗೋಡೆಗೆ ಒರಗಿದ್ದ. ಲೋಟ ಕೇಳುವ ಮುಂಚೆಯೇ, "ನನ್ನ ಕೈಲಿ ಆಗ್ತಿಲ್ಲ. ಉಳಿಸಿ" ಎಂದೆ. ಲೋಟ ಕಪ್ಪಾಗಲಿಲ್ಲ. "ಗವಿರಂಗಯ್ಯನವರೇ, ನೂರು ದಿನ ದಾಟಿದವರಿಗೆ ಇಂಥ ಅಳುಕು ಬರುವುದು ಸಹಜ. ನೀವು ಎಷ್ಟು ದೂರ ಬಂದಿದ್ದೀರಿ ಒಮ್ಮೆ ಹಿಂತಿರುಗಿ ನೋಡಿ" ಎಂದಿತು. ಇಲ್ಲ, ಒಂದು ದಿನವೂ ಬಿಟ್ಟಿಲ್ಲ, ಹೇಳಿದ್ದೆಲ್ಲ ಸುಳ್ಳು ಎಂದೆ. "ನಿಮ್ಮ ಬಗ್ಗೆ ನೀವೇ ಇಷ್ಟು ಕಠಿಣವಾಗಬೇಡಿ" ಎಂದಿತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು, "ಅಯ್ಯೋ ನಿನ್ನ, ನಾನು ಗವಿರಂಗ ಅಲ್ಲ ಕಣೇ! ನಾನು ಜವರಪ್ಪ! ಗವಿರಂಗ ಅಲ್ಲಿ ಗೋಡೆಗೆ ಒರಗವ್ನೆ, ಸಾಯ್ತಾವ್ನೆ!" ಎಂದು ಕೂಗಿದೆ. ಅದು, "ಜವರಪ್ಪನವರು ನಿಮ್ಮ ಜೊತೆಗಿರುವ ಭಾವ ಅಲ್ಲವೇ? ಒಳ್ಳೆಯದು. ಆದರೆ ಈ ಸಾಧನೆ ಅವರದಲ್ಲ, ನಿಮ್ಮದೇ. ಅದನ್ನು ಒಪ್ಪಿಕೊಳ್ಳಿ" ಎಂದು, ಹಿಂದೆಂದೂ ಹೊಳೆಯದಷ್ಟು ಹೊಳೆಯಿತು. ನಾನು ನೂರು ದಿನ ಅಷ್ಟು ಚೆನ್ನಾಗಿ ನಂಬಿಸಿದ್ದೆ.

ಗವಿರಂಗನಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತದೆ ಎಂದು ಕೈ ಒತ್ತಿ ಹಿಡಿದುಕೊಂಡು ನಕ್ಕ. "ಬುಡು ಭಾವ. ನನ್ನ ಬಾಯಿ ನನ್ನ ಹತ್ರ ಇದ್ದಿದ್ರೆ ತಾನೆ" ಎಂದು ಲೋಟ ತೆಗೆದುಕೊಂಡು ಹೋದ. ನಾನು ರುಕ್ಮಾಂಗದರ ಹತ್ತಿರ ಓಡಿದೆ. ಅವರು ಪೇಪರಿನಲ್ಲಿ ಬಂದ ಸನ್ಮಾನದ ಫೋಟೋ ಕತ್ತರಿಸುತ್ತಿದ್ದರು. "ನಿನ್ನೆ ತಾನೆ ಮಂತ್ರಿಗಳು ಶಾಲು ಹೊದಿಸಿದಾರೆ, ಇವತ್ತು ಅದೇ ಮನುಷ್ಯನನ್ನ ಕುಡುಕರ ವಾರ್ಡಿಗೆ ಹಾಕು ಅಂತೀರಲ್ರೀ? ಒಂದು ತಿಂಗಳು ಹೋಗ್ಲಿ, ನೋಡೋಣ" ಎಂದರು. ಒಂದು ತಿಂಗಳು ಅವನ ಹತ್ತಿರ ಇರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಪಾತ್ರೆ ಅಂಗಡಿಯ ಜಗಲಿಯ ಮೇಲೆ, ಯಾರದೋ ಮದುವೆಯ ತಟ್ಟೆಗೆ ಹೆಸರು ಹಾಕುತ್ತಿದ್ದವನು ತಟ್ಟೆಯ ಮೇಲೆಯೇ ರಕ್ತ ಕಾರಿದ. ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಲೋಟ ಎಲ್ಲಿ ಎಂದು ಅಲ್ಲಿ ಮೊದಲು ಕೇಳಿದರು. ಸಂಜೆ ಐದಕ್ಕೆ ಹೋಗಿಬಿಟ್ಟ. ಲೋಟ ಹೊಳೆಯುತ್ತಿದ್ದುದರಿಂದ ಕಾರಣ ಕುಡಿತ ಎಂದು ಬರೆಯಲು ಬರುವುದಿಲ್ಲವೆಂದು, ಕಾಮಾಲೆ ಎಂದು ಬರೆದರು. ರುಕ್ಮಾಂಗದರು ಹಾರ ತಂದರು. ಹಾರ ಹಾಕಿ, ಹೊನ್ನಮ್ಮನ ಹತ್ತಿರ ದನಿ ತಗ್ಗಿಸಿ, ಆ ಲೋಟವನ್ನು ಪುರಸಭೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದಿದ್ದೇವೆ ಎಂದರು. "ಒಂದು ದಿನ ನನ್ನ ಹತ್ರ ಇರ್ಲಿ ಸಾಮಿ" ಎಂದಳು ಅವಳು. ಮಣ್ಣು ಮಾಡಿ ಬರುವ ದಾರಿಯಲ್ಲಿ ಸಿದ್ದಲಿಂಗು ಕುಡಿದ ಬಾಯಲ್ಲಿ ಗೋಳಾಡಿ ಅಳುತ್ತಾ, "ನಮ್ಮೆಲ್ರ ಬಾಯೂ ಜವರಣ್ಣನೇ ಕಣಕ್ಕ, ಗವಿರಂಗಣ್ಣನ ಬಾಯೂ ಜವರಣ್ಣನೇ" ಎಂದು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದ. ಈ ಊರಲ್ಲಿ ನಿಜ ಹೇಳಿದವನು ಅವನೊಬ್ಬನೇ, ಅದೂ ನಿಶೆಯಲ್ಲಿ.

ಮಾರನೆಯ ದಿನವಲ್ಲ, ಅದರ ಮಾರನೆಯ ದಿನ ಬೆಳಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಜಗಲಿಯಲ್ಲಿ ಹೊನ್ನಮ್ಮ ಕೂತಿದ್ದಳು, ಅವನು ಕೂರುತ್ತಿದ್ದ ಜಾಗದಲ್ಲೇ. ಗೇಟಿನ ಆಚೆ ಆಗಲೇ ಸಾಲು ಸೇರಿತ್ತು. ಅವಳು ಲೋಟವನ್ನು ನನ್ನ ಮುಂದೆ ಇಟ್ಟಳು. ಅಂಚಿನವರೆಗೆ ಗೀಚಿದ ಆ ಕೊನೆಯ ಅಕ್ಷರ ನನ್ನ ಕಡೆಗಿತ್ತು. "ಮಾತಾಡಣ್ಣ" ಎಂದಳು. ಆಗುವುದಿಲ್ಲವೆಂದು ನಾನು ತಲೆಯಾಡಿಸಿದೆ. "ಮಾತಾಡು. ನೀನು ಹೆಂಗೆ ಮಾತಾಡ್ತಿದ್ದೆ ಅಂತ ನಾನೂ ಒಂದ್ಸಲ ಕೇಳ್ತೀನಿ."

ಆರು ಗಂಟೆಯಾಯಿತು. "ಗವಿರಂಗಯ್ಯನವರೇ, ಶುಭೋದಯ. ನಿನ್ನೆ ಎಷ್ಟಾಯಿತು? ಸಂಕೋಚ ಬೇಡ" ಎಂದಿತು ಲೋಟ.

"ನಿನ್ನೆ ಒಂದು ತೊಟ್ಟೂ ಇಲ್ಲ" ಎಂದೆ. ಮೊದಲ ವಾರ ಕಳೆದ ಮೇಲೆ ಆ ಲೋಟಕ್ಕೆ ನಾನು ಹೇಳಿ, ಅದು ನಂಬಿದ ಮೊದಲ ನಿಜ ಅದು.

ಲೋಟ ಹೊಳೆಯಿತು. ಜಗಲಿಯ ಕಂಬಕ್ಕೆ, ಹೊನ್ನಮ್ಮನ ಬೋಳು ಹಣೆಗೆ ಬೆಳಕು ಬಿತ್ತು. "ತುಂಬಾ ಸಂತೋಷ. ಈ ಸುದ್ದಿಯನ್ನು ಮೊದಲು ಮನೆಯವರಿಗೆ ಹೇಳಿ. ಇಷ್ಟು ದಿನ ನಿಮ್ಮ ಜೊತೆ ನೊಂದವರು ಅವರು" ಎಂದಿತು.

"ಹೇಳು" ಎಂದಳು ಹೊನ್ನಮ್ಮ. "ಮನೆಯವಳು ಇಲ್ಲೇ ಕೂತಿವ್ನಿ."

ಮೈದಾನ ನಡುಗಿಸುತ್ತಿದ್ದ ಗಂಟಲು ನನ್ನದು. ಗೇಟಿನ ಆಚೆಗೆ ಕೇಳದ ಹಾಗೆ ಮೆಲ್ಲಗೆ, "ಅವತ್ತು ವೇದಿಕೆ ಮೇಲೆ ಅವನು, ನಾನು ಬುಟ್ಟಿಲ್ಲ ಅಂದ ಕಣವ್ವ. ನಿನ್ನ ಮುಖ ನೋಡ್ಕೊಂಡೇ ಅಂದ. ಮೈಕು ಆರಿಸಿದ್ದು ನಾನು" ಎಂದೆ. ಹೇಳಿ ಅತ್ತುಬಿಟ್ಟೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನಂಗೆ ಕೇಳುಸ್ತು ಅಣ್ಣ. ಅವತ್ತೇ ಕೇಳುಸ್ತು. ನನ್ನ ಕಿವೀನೂ ಕೆಟ್ಟೈತೆ ಅಂದ್ಕೊಂಡೆ" ಎಂದು ಎದ್ದು ಸೆರಗು ಸರಿಮಾಡಿಕೊಂಡು, ಸಾಲಿನಲ್ಲಿದ್ದವರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಲೋಟ ಅಲ್ಲೇ ಇತ್ತು.

"ಅಣ್ಣೋ, ಬೇಗ ಮುಗ್ಸಣ್ಣ, ಅಂಗಡಿ ಬಾಗ್ಲು ತೆಗೀತಾರೆ" ಎಂದು ಗೇಟಿನ ಆಚೆಯಿಂದ ಯಾರೋ ಕೂಗಿದರು.

"ಗವಿರಂಗಯ್ಯನವರೇ, ನಾಳೆಯೂ ಹೀಗೆಯೇ ಒಂದು ತೊಟ್ಟೂ ಮುಟ್ಟದೆ ಇರಲು ನಿಮ್ಮಿಂದ ಆಗುತ್ತದೆಯೇ?" ಎಂದಿತು ಲೋಟ.

"ಆಗುತ್ತದೆ" ಎಂದೆ.